ಬಂಡೆಯ ಮೇಲೆ ಆಡಬಾರದ ಮಾತು

"ಮಾವ 'ಬಿಡಿ' ಅಂದ್ರು. ನಾನು ಹಗ್ಗ ತೆಗೆದೆ. ಅಷ್ಟೇ ನಡೆದಿದ್ದು."

ಇಷ್ಟು ಹೇಳಿ ಹಲ್ಲಿನ ಡಾಕ್ಟರು ತಲೆ ತಗ್ಗಿಸಿದರು. ಮೇಷ್ಟ್ರು ಹಠಮಾರಿ ಎಂಬ ಬಂಡೆದಾರಿಯಿಂದ ಬಿದ್ದು ಸತ್ತಾಗಿನಿಂದ ಅವರ ಈ ಅಳಿಯ ತುಟಿ ಬಿಚ್ಚಿರಲಿಲ್ಲ. ಬಿಚ್ಚಿದಾಗ ಬಂದದ್ದು ಈ ಮಾತು.

ಹಿಂದೆ ಏನೋ ದೊಪ್ಪೆಂದು ಬಿತ್ತು. ತಿರುಗಿ ನೋಡಿದರೆ ಮೇಷ್ಟ್ರ ಜೊತೆ ಹತ್ತುತ್ತಿದ್ದ ಗಂಟಣ್ಣ. ಸುತ್ತಿ ಭುಜಕ್ಕೆ ಹಾಕಿಕೊಂಡಿದ್ದ ಹಗ್ಗವೆಲ್ಲ ಅವರ ಕಾಲ ಬುಡದಲ್ಲಿ ಬಿದ್ದಿತ್ತು.

"ಏನಂದ್ರು ಅಂದ್ರಿ?"

"ಬಿಡಿ ಅಂದ್ರು."

"ಮೇಷ್ಟ್ರು? ಬಂಡೆ ಮೇಲೆ?" ಗಂಟಣ್ಣನ ಮುಖ ಬಿಳಿಚಿಕೊಂಡಿತು. "ಸಾಧ್ಯವೇ ಇಲ್ಲ. ಅವರ ಬಾಯಲ್ಲಿ ಆ ಮಾತು ಬರೋದೇ ಇಲ್ಲ."

ಇನ್ಸ್‌ಪೆಕ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಏನೂ ಅರ್ಥವಾಗಲಿಲ್ಲ. ಆದರೆ ಮೂಲೆಯ ಚಾಪೆಯ ಮೇಲೆ ಕೂತಿದ್ದ ಮೇಷ್ಟ್ರ ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ಮಾತ್ರ ಏನೋ ಅರ್ಥವಾಗಿತ್ತು.

ನನ್ನನ್ನು ಈ ಪತ್ತೇದಾರಿ ಕೆಲಸಕ್ಕೆ ಕರೆದವಳೇ ಅವಳು. "ಅಪ್ಪನ್ನ ಕಳ್ಕೊಂಡೆ, ಇವರನ್ನೂ ಕಳ್ಕೊಂಡ್ರೆ ನನಗೆ ಯಾರೂ ಇಲ್ಲ. ಹೇಗಾದ್ರೂ ನನ್ನ ಗಂಡನ್ನ ಉಳಿಸಿ" ಎಂದು ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು. ನಾನು ಸುಲಭಕ್ಕೆ ಕರಗುವವಳಲ್ಲ, ಆದರೆ ಅವತ್ತು ಕರಗಿದೆ. ಉಳಿಸಿಕೊಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಇನ್ಸ್‌ಪೆಕ್ಟರ ಜೀಪು ಹೊರಗೆ ಡಾಕ್ಟರಿಗಾಗಿಯೇ ಕಾದು ನಿಂತಿತ್ತು.

ನಾವಿದ್ದದ್ದು ಬಂಡೆ ಹತ್ತುವುದನ್ನು ಕಲಿಸುವ ಮೇಷ್ಟ್ರ ಶಾಲೆಯಲ್ಲಿ. ಒಂದು ಕಾಲದಲ್ಲಿ ಗೋದಾಮಾಗಿದ್ದ ಎತ್ತರದ ಕಟ್ಟಡ. ಒಂದು ಗೋಡೆಗೆ ಪೂರ್ತಿ ಬಣ್ಣಬಣ್ಣದ ಹಿಡಿಗಲ್ಲುಗಳು, ಮೇಲ್ಗಡೆ ಹೊರಕ್ಕೆ ಚಾಚಿಕೊಂಡ ಮರದ ಛಾವಣಿ, ಅದಕ್ಕೂ ಮೇಲೆ ನಿಲ್ಲಲು ಒಂದು ಅಟ್ಟ. ಗೂಟಗಳಲ್ಲಿ ಹಗ್ಗ, ನೆಲದಲ್ಲಿ ದಪ್ಪ ಚಾಪೆ, ಎಲ್ಲದರ ಮೇಲೂ ಸೀಮೆಸುಣ್ಣದ ಪುಡಿ.

"ಸ್ವಲ್ಪ ಬಿಡಿಸಿ ಹೇಳಿ ಗಂಟಣ್ಣ," ಎಂದರು ಇನ್ಸ್‌ಪೆಕ್ಟರು. "ನಾವು ನೆಲದ ಮೇಲೆ ಓಡಾಡೋರು."

ಗಂಟಣ್ಣ ಹೇಳಿದರು. ಗಂಟು ಹಾಕುವುದರಲ್ಲಿ ಎತ್ತಿದ ಕೈ ಎಂದು ಆ ಹೆಸರು. ಮುಖ ಗಂಟಿಕ್ಕುವುದರಲ್ಲೂ ಹಿಂದೆ ಬಿದ್ದವರಲ್ಲ.

ಹಠಮಾರಿ ಎಂದರೆ ನೆಟ್ಟಗೆ ನಿಂತ ಆ ಬಂಡೆಯ ಮೇಲೆ ಮೇಷ್ಟ್ರು ಕಂಡುಹಿಡಿದ ದಾರಿ. ಯಾರ ಮಾತನ್ನೂ ಕೇಳದ ಮಗುವಿಗೆ ಇಡುವ ಹೆಸರನ್ನು ಅದಕ್ಕೆ ಇಟ್ಟಿದ್ದರು. ಒಂದೇ ಉಸಿರಿಗೆ ಹತ್ತಲಾಗದು, ಏಳು ಹಂತ. ಒಂದೊಂದು ಹಂತವೂ ಹೆಚ್ಚುಕಡಿಮೆ ಒಂದು ಹಗ್ಗದ ಉದ್ದ, ಅದರ ಕೊನೆಗೆ ನಿಲ್ಲಲು ಬಂಡೆಯಲ್ಲೇ ಒಂದು ಕಟ್ಟೆ. ಮೊದಲು ಒಬ್ಬರು ಹತ್ತುತ್ತಾರೆ, ಬಿರುಕುಗಳಿಗೆ ಕೊಕ್ಕೆ ಸಿಕ್ಕಿಸಿ ಹಗ್ಗವನ್ನು ಅದರಲ್ಲಿ ಹಾಯಿಸುತ್ತ. ಕೆಳಗಿನ ಕಟ್ಟೆಯಲ್ಲಿ ನಿಂತವರ ಸೊಂಟದಲ್ಲೊಂದು ಲೋಹದ ಬಿಲ್ಲೆ ಇರುತ್ತದೆ. ಮೇಲಿನವರು ಜಾರಿದರೆ ಆ ಬಿಲ್ಲೆ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಮೇಲಿನವರು ಮುಂದಿನ ಕಟ್ಟೆ ತಲುಪಿ, ತಮ್ಮನ್ನು ಬಂಡೆಗೆ ಕಟ್ಟಿಕೊಂಡು, "ಭದ್ರ!" ಎಂದು ಕೂಗಬೇಕು. ಆಗ ಮಾತ್ರ ಕೆಳಗಿನವರು ಬಿಲ್ಲೆಯಿಂದ ಹಗ್ಗ ತೆಗೆಯಬಹುದು.

"ಹಗ್ಗ ಬೇಕಾದ್ರೆ 'ಸಡಿಲ'. ಎಳ್ಕೋಬೇಕಾದ್ರೆ 'ಬಿಗಿ'. ಕಟ್ಕೊಂಡಾದ್ಮೇಲೆ 'ಭದ್ರ'. 'ಬಿಡು' ಅನ್ನೋ ಮಾತು ಮಾತ್ರ ನಮ್ಮಲ್ಲಿ ಇಲ್ಲ."

"ಯಾಕೆ?"

"ಹಗ್ಗ ಒಂಚೂರು ಬಿಡು ಅಂತಲೂ ಆಗುತ್ತೆ, ನನ್ನನ್ನ ಬಿಟ್ಟುಬಿಡು ಅಂತಲೂ ಆಗುತ್ತೆ. ಒಂದರಲ್ಲಿ ಜೀವ ಉಳಿಯುತ್ತೆ, ಇನ್ನೊಂದರಲ್ಲಿ ಹೋಗುತ್ತೆ. ಅದಕ್ಕೇ ಮೇಷ್ಟ್ರು ಆ ಮಾತನ್ನೇ ಹೊರಗೆ ಹಾಕಿದ್ರು. ಬಾಯಿ ತಪ್ಪಿ ಅಂದವರು ಅವತ್ತಿನ ಹಗ್ಗವೆಲ್ಲ ಒಗೀಬೇಕಿತ್ತು."

"ಹೋಗ್ಲಿ ಬಿಡಿ, ಮೇಷ್ಟ್ರೂ ಮನುಷ್ಯರೇ ಅಲ್ವಾ," ಎಂದರು ಇನ್ಸ್‌ಪೆಕ್ಟರು.

"ನೋಡಿ, ಬಂದಾಗಿನಿಂದ ನೀವು ಎಷ್ಟು ಸಲ ಅಂದ್ರಿ! ನಮ್ಮಲ್ಲಿ ಸೇರಿದ್ರೆ ನಿಮ್ಮ ಆಯುಸ್ಸೆಲ್ಲ ಹಗ್ಗ ಒಗೆಯೋದರಲ್ಲೇ ಮುಗೀತಿತ್ತು."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಇನ್ಸ್‌ಪೆಕ್ಟರು ಮಗಳ ಕಡೆ ತಿರುಗಿದರು. "ಮನೇಲಿ ಹೇಗಮ್ಮ? ಮನೇಲಾದ್ರೂ ಅಂತಿದ್ರಾ?"

"ಇಲ್ಲ," ಎಂದಳು ಅವಳು. ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು. "'ಹೋಗ್ಲಿ ಬಿಡಪ್ಪ' ಅಂದ್ರೂ ಕಣ್ಣು ಕೆಂಪಗೆ ಮಾಡ್ತಿದ್ರು. ನಾಲಿಗೆಗೆ ಅಭ್ಯಾಸ ಆದ್ರೆ ಬಂಡೆ ಮೇಲೂ ಬರುತ್ತೆ ಅಂತ."

ಗಂಡನನ್ನು ಉಳಿಸಿ ಎಂದು ಬೇಡಿದವಳು ತಾನೇ ಗಂಡನ ಕುತ್ತಿಗೆಗೆ ಕುಣಿಕೆ ಬಿಗಿಯುತ್ತಿದ್ದಾಳಲ್ಲ ಎಂದು ನನಗೆ ಗಾಬರಿಯಾಯಿತು.

"ಸರಿ ಹೋಯ್ತು," ಇನ್ಸ್‌ಪೆಕ್ಟರು ಎದ್ದು ನಿಂತರು. "ಡಾಕ್ಟ್ರೇ, ಸುಳ್ಳು ಹೇಳೋಕೆ ಇಷ್ಟು ದಿನ ತಗೊಂಡ್ರಿ. ಹೇಳೋವಾಗ ನಿಮ್ಮ ಮಾವ ಆಡೋ ಮಾತನ್ನಾದ್ರೂ ಅವರ ಬಾಯಿಗೆ ಹಾಕಬಾರದಿತ್ತಾ? ನಡೀರಿ."

ಡಾಕ್ಟರು ಕದಲಲಿಲ್ಲ. ಅವರ ಕಣ್ಣು ಹೆಂಡತಿಯನ್ನು ಹುಡುಕಿತು. ಅವಳು ಈ ಕಡೆ ನೋಡಲೇ ಇಲ್ಲ.

"ಸ್ವಲ್ಪ ತಡೀರಿ," ಎಂದೆ. "ಜೀಪು ಎಲ್ಲೂ ಓಡಿಹೋಗಲ್ಲ."

ಡಾಕ್ಟರ ಎದುರು ಸ್ಟೂಲು ಎಳೆದುಕೊಂಡು ಕೂತೆ. ಸುಳ್ಳು ಕಟ್ಟುವವರು ತಮಗೆ ಅನುಕೂಲವಾದ ಸುಳ್ಳನ್ನೇ ಕಟ್ಟುತ್ತಾರೆ. 'ಮಾವ ಭದ್ರ ಅಂದ್ರು' ಎಂದಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಈ ಮನುಷ್ಯ ಯಾರೂ ನಂಬಲಾಗದ ಮಾತನ್ನು ಹೇಳುತ್ತಿದ್ದರು. ಅದಕ್ಕೇ ನನಗೆ ನಂಬಬೇಕೆನಿಸಿತು.

"ನೀವಿದ್ದ ಕಟ್ಟೆಯಿಂದ ಮಾವ ಕಾಣ್ತಿದ್ರಾ?"

"ಇಲ್ಲ. ಐದನೇ ಹಂತದಲ್ಲಿ ತಲೆ ಮೇಲೆ ಬಂಡೆ ಛಾವಣಿ ಥರ ಚಾಚಿದೆ. ಅದನ್ನ ದಾಟಿದ್ಮೇಲೆ ಬರೀ ದನಿ."

"ಒಂದೇ ಸಲ ಅಂದ್ರಾ?"

"ಎರಡು ಮೂರು ಸಲ. ಕೊನೇ ಸಲ ಗದರಿಸಿದ ಹಾಗಿತ್ತು."

"ಆಮೇಲೆ?"

"ಬಿಲ್ಲೆಯಿಂದ ಹಗ್ಗ ತೆಗೆದೆ. ತೆಗೆದು ಮೇಲೆ ನೋಡ್ದೆ." ಅವರು ಭುಜ ಸವರಿಕೊಂಡರು. "ನನ್ನ ಪಕ್ಕದಲ್ಲೇ ಹೋದ್ರು. ಅವರ ಶೂ ನನ್ನ ಭುಜಕ್ಕೆ ತಾಗ್ತು."

 ಹಗ್ಗದ ತುದಿ ಡಾಕ್ಟರ ಸೊಂಟಕ್ಕೇ ಕಟ್ಟಿತ್ತು, ಕೊನೆಗೆ ಅದು ಹಿಡಿಯಿತು ಕೂಡ. ಅಷ್ಟರಲ್ಲಿ ಮೇಷ್ಟ್ರು ಕೆಳಗಿನ ಕಟ್ಟೆಗೆ ಬಡಿದಿದ್ದರು.

"ಮೇಷ್ಟ್ರು ಅಳಿಯನ್ನ ಗದರಿಸ್ತಿದ್ರಾ?" ಎಂದು ಗಂಟಣ್ಣನನ್ನು ಕೇಳಿದೆ.

"ಅಳಿಯಂದ್ರನ್ನಾ? 'ದಯವಿಟ್ಟು ಸಡಿಲ' ಅಂತಿದ್ರು. ನಾವೆಲ್ಲ ಅದನ್ನ ಆಡಿಕೊಂಡು ನಗ್ತಿದ್ವಿ."

ಹಾಗಾದರೆ ಗದರಿಸಿದ್ದು ಯಾರನ್ನು? ಇನ್ನೊಂದು ವಿಷಯವೂ ನನ್ನನ್ನು ಕೊರೆಯುತ್ತಿತ್ತು. ಶವದ ಬಲ ಮಣಿಕಟ್ಟಿನ ಮೇಲೆ ಬೆರಳುಗಳ ಕಪ್ಪು ಗುರುತಿತ್ತು, ಯಾರೋ ಬಲವಾಗಿ ಹಿಡಿದಂತೆ. "ಬಿದ್ದವರ ಮೈಮೇಲೆ ನೂರು ಗುರುತಿರುತ್ತೆ, ಬಿಡಿ" ಎಂದಿದ್ದರು ಇನ್ಸ್‌ಪೆಕ್ಟರು. ಡಾಕ್ಟರು ಹಿಡಿದಿರಲು ಸಾಧ್ಯವಿರಲಿಲ್ಲ. ಇಬ್ಬರ ನಡುವೆ ಇಡೀ ಛಾವಣಿ ಬಂಡೆ ಇತ್ತು.

"ಮೇಲಿಂದ ಕೂಗಿದ್ದು ಕೆಳಗೆ ಹೇಗೆ ಕೇಳುತ್ತೆ ಅಂತ ನೋಡ್ಬೇಕು," ಎಂದೆ. "ಈ ಗೋಡೆಯಲ್ಲೂ ಛಾವಣಿ ಇದೆಯಲ್ಲ. 'ಭದ್ರ' ಅಂತ ಕೂಗಿದ್ದು 'ಬಿಡಿ' ಅಂತ ಕೇಳಿರಬಹುದಾ?"

"ಯಾರು ಹತ್ತೋದು?" ಎಂದರು ಇನ್ಸ್‌ಪೆಕ್ಟರು.

"ನಾನೇ."

ಇಂಥ ಕೆಟ್ಟ ಧೈರ್ಯ ನನಗೆ ಎಲ್ಲಿಂದ ಬರುತ್ತದೋ. ಸ್ಟೂಲು ಹತ್ತಿ ಬಲ್ಬು ಬದಲಿಸಲೂ ಪಕ್ಕದ ಮನೆಯವರನ್ನು ಕರೆಯುವವಳು ನಾನು. ಗಂಟಣ್ಣ ಸೊಂಟಕ್ಕೆ ಪಟ್ಟಿ ಬಿಗಿದು ಹಗ್ಗ ಕಟ್ಟಿದರು. ಹಗ್ಗವನ್ನು ತಾವೇ ಹಿಡಿಯುವುದಾಗಿ ಇನ್ಸ್‌ಪೆಕ್ಟರು ಹಟ ಹಿಡಿದರು. ಗಂಟಣ್ಣ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಏನೂ ಹೇಳದೆ ನನಗೆ ಇನ್ನೊಂದು ಹಗ್ಗ ಕಟ್ಟಿ ಅದರ ತುದಿಯನ್ನು ಅಟ್ಟದ ತೊಲೆಗೆ ಬಿಗಿದರು. ಆ ಪುಣ್ಯಾತ್ಮನಿಗೆ ನೂರು ವರ್ಷ ಆಯುಸ್ಸಿರಲಿ.

ಗೋಡೆಯ ಪಕ್ಕದ ಏಣಿಯಲ್ಲಿ ಹತ್ತಿಸಿ, ಛಾವಣಿಯಾಚೆಯ ಹಿಡಿಗಲ್ಲುಗಳ ಮೇಲೆ ನನ್ನನ್ನು ನಿಲ್ಲಿಸಿದರು. ತಾವು ಅಟ್ಟದ ಮೇಲೆ ಮೊಣಕಾಲೂರಿ ಕೂತರು. ಕೆಳಗೆ ಇನ್ಸ್‌ಪೆಕ್ಟರು ಕಾಣುತ್ತಿರಲಿಲ್ಲ, ಬರೀ ಮರದ ಹಲಗೆ, ಅದರಾಚೆ ಎಲ್ಲೋ ನೆಲ. 

"ಕೂಗಿ ಮೇಡಂ."

ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ಕಾಲು ಹೊಲಿಗೆ ಯಂತ್ರದ ಹಾಗೆ ನಡುಗತೊಡಗಿತು. ಒಂದು ಪಾದ ಜಾರಿತು. ಕೈಗೆ ಸಿಕ್ಕ ಗಂಟಣ್ಣನ ಮಣಿಕಟ್ಟನ್ನು ಗಬಕ್ಕನೆ ಹಿಡಿದುಕೊಂಡೆ.

"ಏನಾಗಲ್ಲ. ಕೈ ತೆಗೀರಿ. ಹಗ್ಗದ ಮೇಲೆ ಕೂತ್ಕೊಳ್ಳಿ, ಅವರು ಇಳಿಸ್ತಾರೆ."

ನಾನು ಇನ್ನೂ ಬಿಗಿಯಾಗಿ ಹಿಡಿದೆ.

"ಕೈ ತೆಗೀರಿ ಮೇಡಂ! ನನ್ನನ್ನೂ ಎಳೀತೀರ! ಅಯ್ಯೋ, ಬಿಡೇ ತಾಯಿ!"

ಅಂದವರೇ ನಾಲಿಗೆ ಕಚ್ಚಿಕೊಂಡರು. ಆದರೆ ನನ್ನ ಕೈ ಹೆದರಿ ಬಿಟ್ಟೇಬಿಟ್ಟಿತು. ಬಿಟ್ಟರೆ ಹಗ್ಗವೇ ಇಲ್ಲ! ನೇರ ಕೆಳಕ್ಕೆ ಹೋದೆ. ಕಿರುಚಲೂ ಆಗಲಿಲ್ಲ. ತೊಲೆಯ ಹಗ್ಗ ಜಗ್ಗಿ ನಿಂತಾಗ ಛಾವಣಿಯ ಕೆಳಗೆ ಒಣಗಲು ಹಾಕಿದ ಕೋಟಿನ ಹಾಗೆ ತೂಗುತ್ತಿದ್ದೆ. ಕೆಳಗೆ ಇನ್ಸ್‌ಪೆಕ್ಟರು ಎರಡೂ ಕೈ ಮೇಲೆತ್ತಿ, ಬಾಯಿ ತೆರೆದು ನಿಂತಿದ್ದರು.

"ಹಗ್ಗ ಯಾಕ್ರೀ ಬಿಟ್ರಿ?" ಗಂಟಣ್ಣ ಮೇಲಿಂದ ಗುಡುಗಿದರು.

"ನೀವೇ ಅಂದ್ರಲ್ಲ! 'ಬಿಡಿ' ಅಂದ್ರಿ, ಬಿಟ್ಟೆ!"

"ನಿಮಗೆಲ್ಲಿ ಹೇಳ್ದೆ? ಮೇಡಂಗೆ ಹೇಳಿದ್ದು! ಬಿಡಿ ಅಂದೂ ಇಲ್ಲ, 'ಬಿಡೇ' ಅಂದೆ!"

ತೂಗುತ್ತಿದ್ದ ನನಗೆ ಮೈಯೆಲ್ಲ ಜುಮ್ಮೆಂದಿತು. ಈ ಸಲ ಭಯಕ್ಕಲ್ಲ.

ಬಿಡೇ. ಬಿಡಿ. ಎದುರಿಗಿದ್ದರೆ ಮಗುವಿಗೂ ಗೊತ್ತಾಗುವ ವ್ಯತ್ಯಾಸ. ಒಂದು ಸಲಿಗೆಯ ಹೆಂಗಸಿಗೆ, ಇನ್ನೊಂದು ಮರ್ಯಾದೆಯ ಮನುಷ್ಯನಿಗೆ. ನಡುವೆ ಒಂದು ಛಾವಣಿ ಬಂದರೆ ಮುಗಿಯಿತು. ಕೆಳಗಿನವನು ತನಗೇ ಹೇಳಿದ್ದೆಂದು ತಿಳಿಯುತ್ತಾನೆ.

"ಇಳಿಸಿ ನನ್ನ! ಬೇಗ ಇಳಿಸಿ!"

ಚಾಪೆಗೆ ಕಾಲು ತಾಗಿದ್ದೇ ಡಾಕ್ಟರ ಹತ್ತಿರ ಹೋದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. "ಡಾಕ್ಟ್ರೇ, ನೀವು ಸುಳ್ಳು ಹೇಳಿಲ್ಲ. ತಪ್ಪು ಕೇಳಿಸ್ಕೊಂಡಿದ್ದೀರಿ. ನಿಮ್ಮ ಮಾವ 'ಬಿಡಿ' ಅನ್ನಲಿಲ್ಲ. 'ಬಿಡೇ' ಅಂದ್ರು. ಮೇಲೆ ಅವರ ಕೈ ಹಿಡ್ಕೊಂಡಿದ್ದ ಒಬ್ಬ ಹೆಂಗಸಿಗೆ ಅಂದ್ರು. ಮಣಿಕಟ್ಟಿನ ಗುರುತು ಅವಳದ್ದು."

ಡಾಕ್ಟರು ಎದ್ದು ನಿಂತರು, ಮತ್ತೆ ಕೂತರು. ಇನ್ಸ್‌ಪೆಕ್ಟರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಹೌದು, ನನಗೆ ಹೆಮ್ಮೆಯಾಯಿತು. ಕೊಟ್ಟ ಮಾತು ಉಳಿಸಿಕೊಂಡೆ ಎಂದು ಎದೆ ಉಬ್ಬಿತು.

"ಗಂಟಣ್ಣ, ಮೇಷ್ಟ್ರು ಯಾರನ್ನ ಹಾಗೆ ಸಲಿಗೆಯಿಂದ ಕರೀತಿದ್ರು?"

ಗಂಟಣ್ಣ ಏಣಿಯ ನಡುವೆ ನಿಂತುಬಿಟ್ಟಿದ್ದರು. "ಅವರು ಎಲ್ಲರಿಗೂ ಬಹುವಚನವೇ ಮೇಡಂ. ಪುಟ್ಟ ಮಗು ಬಂದ್ರೂ 'ಬನ್ನಿ' ಅಂತಿದ್ರು. ಹೆಂಡತಿ ತೀರಿಕೊಂಡ್ಮೇಲೆ ಹಾಗೆ ಕರೆಯೋದು..."

ಅವರ ಕಣ್ಣು ಚಾಪೆಯ ಕಡೆ ಹೋಯಿತು. 

"ನನ್ನನ್ನ," ಎಂದಳು ಚಾಪೆಯ ಮೇಲಿದ್ದ ಮಗಳು.

ಕಾಲ ಕೆಳಗಿನ ನೆಲ ಕುಸಿಯಿತು ಎನ್ನುತ್ತಾರಲ್ಲ, ಅದು ಗೋಡೆಯ ಮೇಲೆ ಆಗಲಿಲ್ಲ ನನಗೆ, ಇಲ್ಲಿ ಆಯಿತು.

ಅವಳು ಎದ್ದು ಬಂದು ಬೆಳಕಿಗೆ ನಿಂತಳು. "ಬೆಟ್ಟದ ಹಿಂದಿನ ಕಾಲುದಾರೀಲಿ ತುದಿಗೆ ಹೋಗಿ, ಹಗ್ಗದಲ್ಲಿ ಐದನೇ ಹಂತದ ಮೇಲಿನ ಕಟ್ಟೆಗೆ ಇಳಿದಿದ್ದೆ. ಫೋಟೋ ತೆಗೆಯೋಕೆ. ಇವರಿಗೆ ಹೇಳಬೇಡ, ಮೇಲೆ ಬಂದು ನಿನ್ನ ನೋಡಿ ಬೆರಗಾಗ್ಲಿ ಅಂತ ಅಪ್ಪನೇ ಹೇಳಿದ್ರು. ಅಪ್ಪ ಕಟ್ಟೆಗೆ ಕೈ ಹಾಕೋವಾಗ ಹಿಡಿದ ಕಲ್ಲು ಕಿತ್ತು ಬಂತು. ನಾನು ಮಣಿಕಟ್ಟು ಹಿಡ್ಕೊಂಡೆ."

"ಮತ್ತೆ ಅವರು ಬಿಡು ಅಂದದ್ದು?"

"ಅವರ ಭಾರಕ್ಕೆ ನನ್ನ ಭುಜ ಕಿತ್ತು ಬರೋ ಹಾಗಾಗಿತ್ತು. ಅಪ್ಪನಿಗೆ ಭಯವೇ ಇರಲಿಲ್ಲ ಮೇಡಂ, ನಗ್ತಿದ್ರು. 'ಬಿಡೇ, ಹಗ್ಗ ಇದೆ, ಅಳಿಯಂದ್ರು ಹಿಡಿದಿದಾರೆ' ಅಂದ್ರು. ನಾನು ಬಿಡ್ಲಿಲ್ಲ. ಮತ್ತೆ ಅಂದ್ರು. ಕೊನೆಗೆ ಗದರಿಸಿದ್ರು. ಆಗ ಬಿಟ್ಟೆ." ಅವಳು ತನ್ನ ಅಂಗೈ ನೋಡಿಕೊಂಡಳು. "ಹಗ್ಗ ಹಿಡೀಲಿಲ್ಲ. ನಾನು ಅಪ್ಪನ್ನ ಕೊಂದೆ ಅಂದ್ಕೊಂಡೆ. ಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ಕೂತೆ. ಯಾರಿಗೂ ಹೇಳೋ ಧೈರ್ಯ ಆಗ್ಲಿಲ್ಲ. ಹಗ್ಗ ಯಾಕೆ ಹಿಡೀಲಿಲ್ಲ ಅನ್ನೋದು ಇವತ್ತು ಇವರು ಬಾಯಿ ಬಿಟ್ಟ ಮೇಲೇ ಗೊತ್ತಾಗಿದ್ದು."

ಒಂದೇ ಮಾತಿಗೆ ಮೇಲೆ ಮಗಳು ಕೈ ಬಿಟ್ಟಿದ್ದಳು, ಕೆಳಗೆ ಅಳಿಯ ಹಗ್ಗ ಬಿಟ್ಟಿದ್ದ. ಅಪ್ಪನ ಮೇಲಿನ ಪ್ರೀತಿಗೆ ಅವಳು ಹಿಡಿದುಕೊಂಡೇ ಇದ್ದ ಆ ಕೆಲವು ಕ್ಷಣಗಳಲ್ಲೇ ಕೆಳಗೆ ಹಗ್ಗ ಬಿಲ್ಲೆಯಿಂದ ಹೊರಗೆ ಬಂದಿತ್ತು. ಮೊದಲ ಸಲ ಅಂದಾಗಲೇ ಬಿಟ್ಟಿದ್ದರೆ ಮೇಷ್ಟ್ರು ಇವತ್ತು ಇಲ್ಲೇ ಇರುತ್ತಿದ್ದರು. ನನ್ನ ಹೆಮ್ಮೆಯೆಲ್ಲ ಇಳಿದುಹೋಯಿತು.

"ನೀನು ಮೇಲಿದ್ಯಾ?" ಎಂದರು ಡಾಕ್ಟರು.

ದನಿ ಪಿಸುಗುಟ್ಟಿದಂತಿತ್ತು. ಪಾಪ, ಆಘಾತ ಎಂದುಕೊಂಡೆ. ಅವರ ಭುಜದ ಮೇಲೆ ಕೈ ಇಡಲು ಹೋದೆ.

"ಕೊಲೆ ಅಲ್ಲ ಅಂದಂಗಾಯ್ತು," ಇನ್ಸ್‌ಪೆಕ್ಟರು ನಿಟ್ಟುಸಿರು ಬಿಟ್ಟರು. "ಎಂಥ ಗ್ರಹಚಾರ! ಇಬ್ಬರದ್ದೂ ತಪ್ಪಿಲ್ಲ. ಡಾಕ್ಟ್ರೇ, ನೀವು ಮನೆಗೆ ಹೋಗಬಹುದು."

"ಹೋಗೋ ಮುಂಚೆ ಒಂದು ಮಾತು," ಎಂದಳು ಮಗಳು. ಅವಳು ಮಾತಾಡಿದ್ದು ನಮ್ಮ ಜೊತೆಗಲ್ಲ. "ರೀ, ಹಗ್ಗ ತೆಗೆದ್ಮೇಲೆ ನೀವು ಕೂಗಿದ್ರಾ?"

"ಏನು ಕೂಗ್ಬೇಕಿತ್ತು?"

"'ತೆಗೆದೆ' ಅಂತ. ಕೆಳಗಿರೋರು ಹಗ್ಗ ತೆಗೆದ ಕೂಡಲೇ ಕೂಗ್ಬೇಕಲ್ಲ. ಮೇಲಿರೋರಿಗೆ ತಾವು ಈಗ ಹಗ್ಗದ ಮೇಲಿಲ್ಲ ಅಂತ ಗೊತ್ತಾಗ್ಲಿ ಅಂತ. ನೀವು ಒಂದು ದಿನವೂ ತಪ್ಪಿಸಿದವರಲ್ಲ."

"ಕೂಗ್ದೆ," ಎಂದರು ಡಾಕ್ಟರು. "ಕೂಗ್ದೆನಲ್ಲ. ಜೋರಾಗೇ ಕೂಗ್ದೆ. ಗಾಳಿ ಇತ್ತು, ಅವರಿಗೆ ಕೇಳಿಸಿರಲ್ಲ."

"ಅದಕ್ಕೆ ಸ್ವಲ್ಪ ಮುಂಚೆ ನೀವು ಸೀನಿದ್ರಿ."

ಡಾಕ್ಟರ ಕೈ ಜೇಬಿನ ಕಡೆ ಹೋಯಿತು.

"ಎರಡು ಸಲ ಸೀನಿದ್ರಿ. ಆ ಗಾಳೀಲೂ ಮೇಲೆ ನನಗೆ ಸ್ಪಷ್ಟವಾಗಿ ಕೇಳಿಸ್ತು, ನಗು ಬಂತು. ಆಮೇಲೆ ಅಪ್ಪನ ಕೈ ಹಿಡ್ಕೊಂಡು ನಾನು ಕಿವಿ ತೆರೆದುಕೊಂಡೇ ಇದ್ದೆ ರೀ. ಕೆಳಗಿಂದ ನಿಮ್ಮ ದನಿ ಒಂದು ಸಲ ಬಂದ್ರೆ ಸಾಕು, ನೀವಿದ್ದೀರಿ ಅಂತ ಧೈರ್ಯವಾಗಿ ಬಿಡಬಹುದು ಅಂತ." ಅವಳ ತುಟಿ ನಡುಗಿತು, ದನಿ ನಡುಗಲಿಲ್ಲ. "ನೀವು 'ತೆಗೆದೆ' ಅಂದಿದ್ರೆ ನಾನು ಅಪ್ಪನ ಕೈ ಬಿಡ್ತಿರಲಿಲ್ಲ. ಭುಜ ಕಿತ್ತುಹೋಗಿದ್ರೂ ಬಿಡ್ತಿರಲಿಲ್ಲ. ನೀವು ಒಂದು ಮಾತೂ ಆಡ್ಲಿಲ್ಲ. ಯಾಕೆ?"

ಗಂಟಣ್ಣ ಏಣಿಯಿಂದ ನಿಧಾನವಾಗಿ ಇಳಿದು ಅವಳ ಪಕ್ಕ ಬಂದು ನಿಂತರು. ಡಾಕ್ಟರ ಭುಜದ ಮೇಲೆ ಇಡಲು ಹೋಗಿದ್ದ ನನ್ನ ಕೈ ಅರ್ಧದಲ್ಲೇ ನಿಂತಿತ್ತು, ಹಿಂದಕ್ಕೆ ತೆಗೆದುಕೊಂಡೆ. ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದ ಈ ಮನುಷ್ಯನನ್ನು ಉಳಿಸಿದವಳು ನಾನು.

ಡಾಕ್ಟರು ಹೆಂಡತಿಯ ಕಡೆ ನೋಡಲಿಲ್ಲ. ಕರ್ಚೀಫು ತೆಗೆದು ಕೈ ಒರೆಸಿಕೊಂಡು, ಮಡಿಚಿ ಜೇಬಿಗಿಟ್ಟುಕೊಂಡು, ಇನ್ಸ್‌ಪೆಕ್ಟರ ಕಡೆ ತಿರುಗಿದರು.

"ನನ್ನ ವಕೀಲರಿಗೆ ಒಂದು ಫೋನ್ ಮಾಡ್ಬೇಕು," ಎಂದರು.